ಆಣೆ, ಗಜ, ಮೊಳ: ಹಳೆಯ ಉದ್ದಳತೆಗಳನ್ನು ತಪ್ಪಿಲ್ಲದೆ ಪರಿವರ್ತಿಸುವ ಬಗೆ

ನಮ್ಮ ಮನೆಯ ಕಬ್ಬಿಣದ ಟ್ರಂಕಿನ ತಳದಲ್ಲಿ ಎರಡು ವಸ್ತುಗಳು ಬಹಳ ಕಾಲ ಒಟ್ಟಿಗೆ ಇದ್ದವು. ಒಂದು ಹೊಲದ ಟಿಪ್ಪಣಿಯ ನಕಲು. ಅದರಲ್ಲಿ ಗಡಿಗೆರೆಗಳ ಪಕ್ಕದಲ್ಲಿ 12-8, 6-4 ಎಂಬಂತಹ ಜೋಡಿ ಅಂಕಿಗಳಿದ್ದವು. ಇನ್ನೊಂದು ಅಜ್ಜಿಯ ಇಳಕಲ್ ಸೀರೆ. ಅದನ್ನು ಮನೆಯಲ್ಲಿ ಎಲ್ಲರೂ ‘ಹದಿನೆಂಟು ಮೊಳದ ಸೀರೆ’ ಎಂದೇ ಕರೆಯುತ್ತಿದ್ದರು. ಹೊಲದ ಅಳತೆಗೂ ಸೀರೆಯ ಅಳತೆಗೂ ಏನು ಸಂಬಂಧ ಎಂದು ಆಗ ನನಗೆ ಅನಿಸಿರಲಿಲ್ಲ. ಎರಡನ್ನೂ ಮೀಟರಿಗೆ ತರಲು ಕುಳಿತಾಗಲೇ ಅವು ಒಂದೇ ಲೆಕ್ಕದ ಎರಡು ಕವಲುಗಳೆಂಬುದು ತಿಳಿಯಿತು. ಹಳೆಯ ಕಾಗದಪತ್ರಗಳನ್ನು ಓದಬೇಕಾದವರಿಗೆ, ಊರಿನ ಅಥವಾ ಮನೆತನದ ಇತಿಹಾಸ ಬರೆಯುವವರಿಗೆ, ನೇಕಾರಿಕೆಯ ಹಳೆಯ ಲೆಕ್ಕಪುಸ್ತಕಗಳನ್ನು ಪರಿಶೀಲಿಸುವವರಿಗೆ ಆ ಲೆಕ್ಕದ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ.

ಕ್ರಮ ಸರಳವಾದದ್ದೇ. ಯಾವುದೇ ಹಳೆಯ ಅಳತೆಯನ್ನು ಮೊದಲು ಇಂಚಿಗೆ ಇಳಿಸಬೇಕು, ಅನಂತರ ಇಂಚಿನಿಂದ ಬೇಕಾದ ಮಾನಕ್ಕೆ ಏರಿಸಬೇಕು. ಇಂಚನ್ನೇ ಆರಿಸುವುದಕ್ಕೆ ಕಾರಣವಿದೆ: ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟಿಷ್ ಆಡಳಿತವು ನಮ್ಮ ಗಜ, ಮೊಳ, ಸರಪಳಿಗಳನ್ನು ಇಂಚು ಅಡಿಗಳ ಲೆಕ್ಕದಲ್ಲಿಯೇ ನಿಗದಿಪಡಿಸಿತು, 1959ರಿಂದ ಒಂದು ಇಂಚು ಸರಿಯಾಗಿ 2.54 ಸೆಂಟಿಮೀಟರ್ ಎಂದು ಅಂತರರಾಷ್ಟ್ರೀಯವಾಗಿ ನಿಗದಿಯಾಗಿರುವುದರಿಂದ ಅಲ್ಲಿಂದ ಮುಂದೆ ಮೆಟ್ರಿಕ್ ಮಾನಕ್ಕೆ ಹೋಗಲು ಯಾವ ಸಂದೇಹವೂ ಉಳಿಯುವುದಿಲ್ಲ. ಆದರೆ ಗುಣಾಕಾರಕ್ಕೆ ಮೊದಲು ಕೇಳಲೇಬೇಕಾದ ಪ್ರಶ್ನೆಯೊಂದಿದೆ: ಈ ಅಳತೆ ಯಾರ ಕೋಲಿನಿಂದ ಅಳೆದದ್ದು? ಹೆಸರು ಒಂದೇ ಇದ್ದು ಉದ್ದ ಬೇರೆ ಇರುವ ಮಾನಗಳು ನಮ್ಮಲ್ಲಿ ಹೆಜ್ಜೆಹೆಜ್ಜೆಗೂ ಸಿಗುತ್ತವೆ. ನಾನು ಕಂಡ ತಪ್ಪುಗಳಲ್ಲಿ ಹೆಚ್ಚಿನವು ಗುಣಾಕಾರದ ತಪ್ಪುಗಳಲ್ಲ, ಈ ಪ್ರಶ್ನೆಯನ್ನು ಕೇಳದೆ ಮುಂದುವರಿದ ತಪ್ಪುಗಳು.

ಹೊಲದ ಸರಪಳಿ

ಮುಂಬೈ ಪ್ರಾಂತ್ಯದಲ್ಲಿ 1830ರ ದಶಕದಲ್ಲಿ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಅಧಿಕಾರಿಗಳು ಆರಂಭಿಸಿದ ಕಂದಾಯ ಮೋಜಣಿಯ ಪದ್ಧತಿ ಮುಂದೆ ಧಾರವಾಡ, ಬೆಳಗಾವಿ ಸೀಮೆಗಳಿಗೂ ಬಂತು. ಅದೇ ಪದ್ಧತಿಯನ್ನು ಅನುಸರಿಸಿ ಮೈಸೂರು ಸಂಸ್ಥಾನದಲ್ಲಿ 1863ರಲ್ಲಿ ಮೋಜಣಿ ಆರಂಭವಾಯಿತು. ಈ ಪದ್ಧತಿಯ ಸರಪಳಿಯ ಉದ್ದ 33 ಅಡಿ. ಇದನ್ನು 16 ಸಮಭಾಗ ಮಾಡಿ ಒಂದೊಂದು ಭಾಗವನ್ನು ‘ಆಣೆ’ ಎಂದು ಕರೆದರು. ರೂಪಾಯಿಗೆ ಹದಿನಾರಾಣೆ ಎಂಬ ಲೆಕ್ಕ ಹಳ್ಳಿಯ ಕೂಸಿಗೂ ಬಾಯಿಪಾಠವಾಗಿದ್ದ ಕಾಲವದು. ಅಳೆಯುವವನಿಗೂ ಅಳೆಸಿಕೊಳ್ಳುವವನಿಗೂ ತಿಳಿಯುವಂತಹ ಇಂತಹ ವಿಭಾಗವನ್ನು ಆರಿಸಿದ್ದು ಬಹಳ ಜಾಣತನದ ಕೆಲಸವೆಂದು ನನಗೆ ಇಂದಿಗೂ ಅನಿಸುತ್ತದೆ.

33 ಅಡಿ ಎಂದರೆ 396 ಇಂಚು. ಅದನ್ನು 16ರಿಂದ ಭಾಗಿಸಿದರೆ ಒಂದು ಆಣೆಗೆ 24.75 ಇಂಚು, ಅಂದರೆ 62.865 ಸೆಂಟಿಮೀಟರ್ ಬರುತ್ತದೆ. ಸರಪಳಿಯ ಪೂರ್ಣ ಉದ್ದ 10.0584 ಮೀಟರ್. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ಚೌಕವೇ ಒಂದು ಗುಂಟೆ, ಅಂದರೆ 1,089 ಚದರಡಿ. ಅಂತಹ 40 ಚೌಕಗಳು ಸೇರಿದರೆ ಒಂದು ಎಕರೆ. ಎಕರೆಗೆ 4,840 ಚದರ ಗಜ, ಗುಂಟೆಗೆ 121 ಚದರ ಗಜ ಎಂಬುದನ್ನು ನೆನಪಿಟ್ಟುಕೊಂಡರೆ 33 ಎಂಬ ಸಂಖ್ಯೆಯನ್ನು ಏಕೆ ಆರಿಸಿದರೆಂಬುದು ತಾನಾಗಿಯೇ ಅರ್ಥವಾಗುತ್ತದೆ: ಹನ್ನೊಂದು ಗಜದ ಬಾಹು ಇಟ್ಟರೆ ಮಾತ್ರ ಎಕರೆಯು ನಲವತ್ತು ಚೌಕಗಳಾಗಿ ಶೇಷವಿಲ್ಲದೆ ಒಡೆಯುತ್ತದೆ.

ಈಗ ನಮ್ಮ ಟಿಪ್ಪಣಿಯ ಅಂಕಿಗಳನ್ನು ತೆಗೆದುಕೊಳ್ಳೋಣ. 12-8 ಎಂದರೆ 12 ಸರಪಳಿ 8 ಆಣೆ. 6-4 ಎಂದರೆ 6 ಸರಪಳಿ 4 ಆಣೆ. ಹೊಲ ಆಯತಾಕಾರದ್ದೆಂದು ಭಾವಿಸಿದರೆ ಮೊದಲು ಎರಡನ್ನೂ ಬರಿಯ ಆಣೆಗಳನ್ನಾಗಿ ಮಾಡಿಕೊಳ್ಳಬೇಕು: 12ನ್ನು 16ರಿಂದ ಗುಣಿಸಿ 8 ಸೇರಿಸಿದರೆ 200 ಆಣೆ, 6ನ್ನು 16ರಿಂದ ಗುಣಿಸಿ 4 ಸೇರಿಸಿದರೆ 100 ಆಣೆ. ಇವೆರಡರ ಗುಣಲಬ್ಧ 20,000. ಇದನ್ನು 16ರ ವರ್ಗವಾದ 256ರಿಂದ ಭಾಗಿಸಿದರೆ 78.125 ಗುಂಟೆ. ಅದರಲ್ಲಿ 40 ಗುಂಟೆಗೆ ಒಂದು ಎಕರೆ ತೆಗೆದರೆ 38 ಗುಂಟೆ ಉಳಿಯುತ್ತದೆ, 0.125 ಗುಂಟೆಯನ್ನು 16ರಿಂದ ಗುಣಿಸಿದರೆ 2 ಆಣೆ. ಹೊಲದ ವಿಸ್ತೀರ್ಣ 1 ಎಕರೆ 38 ಗುಂಟೆ 2 ಆಣೆ ಎಂದಾಯಿತು. ಮೆಟ್ರಿಕ್ ಲೆಕ್ಕದಲ್ಲಿ ತಾಳೆ ನೋಡಬೇಕೆಂದರೆ ಉದ್ದ 125.73 ಮೀಟರ್, ಅಗಲ 62.865 ಮೀಟರ್, ವಿಸ್ತೀರ್ಣ ಸುಮಾರು 7,904 ಚದರ ಮೀಟರ್; ಒಂದು ಗುಂಟೆಗೆ 101.17 ಚದರ ಮೀಟರಿನಂತೆ ಭಾಗಿಸಿದರೆ ಮತ್ತೆ 78.125ರ ಹತ್ತಿರಕ್ಕೇ ಬಂದು ನಿಲ್ಲುತ್ತದೆ.

ಇಲ್ಲಿ ಎಚ್ಚರ ತಪ್ಪಿದರೆ ಏನಾಗುತ್ತದೆಂಬುದನ್ನು ನೋಡಿ. 12-8 ಎಂಬುದನ್ನು 12.8 ಎಂದೂ 6-4 ಎಂಬುದನ್ನು 6.4 ಎಂದೂ ಓದಿಕೊಂಡರೆ ಗುಣಲಬ್ಧ 81.92 ಗುಂಟೆ ಬರುತ್ತದೆ. ನಾಲ್ಕು ಸಾವಿರದ ನೂರಕ್ಕೂ ಹೆಚ್ಚು ಚದರಡಿ, ಅಂದರೆ 30-40ರ ಮೂರು ನಿವೇಶನಗಳಿಗಿಂತ ಹೆಚ್ಚಿನ ಜಾಗ, ಕಾಗದದ ಮೇಲೆ ಇಲ್ಲದೆಡೆಯಿಂದ ಹುಟ್ಟಿಕೊಂಡಂತಾಯಿತು. ಪಹಣಿಯಲ್ಲಿಯೂ ಇದೇ ಬಗೆಯ ಅಪಾಯವಿದೆ: 2-20 ಎಂದರೆ ಎರಡು ಎಕರೆ ಇಪ್ಪತ್ತು ಗುಂಟೆ, ಅಂದರೆ ಎರಡೂವರೆ ಎಕರೆಯೇ ಹೊರತು 2.20 ಎಕರೆ ಅಲ್ಲ. ಹಂಚಿಕೆಯ ವಿವಾದವೊಂದರಲ್ಲಿ ಅಣ್ಣತಮ್ಮಂದಿರಿಬ್ಬರು ಇದೇ ಚುಕ್ಕೆಗೆರೆಯ ಗೊಂದಲದಿಂದ ಮೂರು ವರ್ಷ ಮಾತು ಬಿಟ್ಟಿದ್ದನ್ನು ನಾನು ಕಣ್ಣಾರೆ ಕಂಡಿರುವುದರಿಂದ ಈ ಮಾತನ್ನು ಒತ್ತಿ ಹೇಳುತ್ತಿದ್ದೇನೆ.

‘ಆಣೆ’ ಎಂಬ ಪದವನ್ನೂ ಸಂದರ್ಭ ನೋಡಿ ಓದಬೇಕು. ಗಡಿಗೆರೆಯ ಪಕ್ಕದಲ್ಲಿದ್ದರೆ ಅದು ಉದ್ದ, 24.75 ಇಂಚು. ವಿಸ್ತೀರ್ಣದ ಕಲಮಿನಲ್ಲಿ ಗುಂಟೆಯ ನಂತರ ಬಂದರೆ ಅದು ಗುಂಟೆಯ ಹದಿನಾರನೆಯ ಒಂದು ಭಾಗ, 68.0625 ಚದರಡಿ. ವಿಭಾಗಪತ್ರದಲ್ಲಿ ‘ನಾಲ್ಕಾಣೆ ಹಿಸ್ಸೆ’ ಎಂದಿದ್ದರೆ ಅದು ಅಳತೆಯೇ ಅಲ್ಲ, ಒಟ್ಟು ಆಸ್ತಿಯ ಕಾಲುಭಾಗದ ಹಕ್ಕು. ಒಂದೇ ಕಟ್ಟಿನ ಕಾಗದಗಳಲ್ಲಿ ಈ ಮೂರೂ ಅರ್ಥಗಳು ಬರುವುದುಂಟು.

ಮದ್ರಾಸ್ ಪ್ರಾಂತ್ಯದಲ್ಲಿದ್ದ ದಕ್ಷಿಣ ಕನ್ನಡದ ಕಾಗದಗಳಿಗೆ ಬಂದರೆ ಸರಪಳಿಯೇ ಬದಲಾಗುತ್ತದೆ. ಅಲ್ಲಿಯದು ಇಂಗ್ಲೆಂಡಿನ ಎಡ್ಮಂಡ್ ಗಂಟರ್ 1620ರಲ್ಲಿ ಪ್ರಚಾರಕ್ಕೆ ತಂದ 66 ಅಡಿಯ ಸರಪಳಿ. ಅದರಲ್ಲಿ 100 ಕೊಂಡಿಗಳು, ಒಂದೊಂದು ಕೊಂಡಿಗೆ 7.92 ಇಂಚು. ನಕ್ಷೆಯ ಗೆರೆಗಳ ಮೇಲೆ 250, 80 ಎಂದು ಒಂಟಿ ಅಂಕಿಗಳಿದ್ದರೆ ಅವನ್ನು ಕೊಂಡಿ, ಅಂದರೆ ಲಿಂಕ್, ಎಂದು ಓದಬೇಕು. 250 ಲಿಂಕ್ ಉದ್ದ, 80 ಲಿಂಕ್ ಅಗಲದ ಜಾಗ 20,000 ಚದರ ಲಿಂಕ್. ಸಾವಿರ ಚದರ ಲಿಂಕಿಗೆ ಒಂದು ಸೆಂಟ್ಸ್ ಆದ್ದರಿಂದ 20 ಸೆಂಟ್ಸ್. ಎರಡೂವರೆ ಸೆಂಟ್ಸಿಗೆ ಒಂದು ಗುಂಟೆಯಾದ್ದರಿಂದ ಸರಿಯಾಗಿ 8 ಗುಂಟೆ. ಉದ್ದವನ್ನಷ್ಟೇ ಬದಲಾಯಿಸಬೇಕಿದ್ದರೆ 50 ಲಿಂಕ್ ಒಂದು 33 ಅಡಿಯ ಸರಪಳಿಗೆ ಸಮ, 3.125 ಲಿಂಕ್ ಒಂದು ಆಣೆಗೆ ಸಮ. ಯಾವ ಸರಪಳಿ ಎಂಬುದನ್ನು ಕೇಳದೆ 66 ಅಡಿಯೆಂದು ಹಿಡಿದರೆ ಉದ್ದ ಎರಡರಷ್ಟಾದರೂ ವಿಸ್ತೀರ್ಣ ನಾಲ್ಕರಷ್ಟಾಗುತ್ತದೆ. ಮೇಲೆ ಹೇಳಿದ ಎರಡು ಎಕರೆಗೂ ಕಡಿಮೆಯ ಹೊಲ ಏಳೂ ಮುಕ್ಕಾಲು ಎಕರೆಯನ್ನು ದಾಟಿಬಿಡುತ್ತದೆ. ಹಾಗಾಗಿ ಬಂದ ಉತ್ತರವನ್ನು ಪಹಣಿಯ ವಿಸ್ತೀರ್ಣದೊಂದಿಗೆ ಒಮ್ಮೆ ಹೋಲಿಸಿ ನೋಡಿದರೆ ಸಾಕು, ಸರಪಳಿ ಯಾವುದೆಂಬ ಸಂದೇಹ ತೀರುತ್ತದೆ.

ಬಟ್ಟೆಯ ಮೊಳ ಮತ್ತು ಗಜ

ಬಟ್ಟೆಯ ಅಳತೆಗಳು ಹುಟ್ಟಿದ್ದು ಮೈಯಿಂದ. ಹನ್ನೆರಡು ಬೆರಳಗಲ ಒಂದು ಗೇಣು, ಎರಡು ಗೇಣು ಒಂದು ಮೊಳ, ನಾಲ್ಕು ಮೊಳ ಒಂದು ಮಾರು. ನಿಗದಿಯಾದ ಲೆಕ್ಕದಲ್ಲಿ ಗೇಣಿಗೆ 9 ಇಂಚು, ಮೊಳಕ್ಕೆ 18 ಇಂಚು, ಮಾರಿಗೆ 6 ಅಡಿ. ಮೊಳವನ್ನು ಸಂಸ್ಕೃತದ ಗ್ರಂಥಗಳು ಹಸ್ತವೆಂದೂ ಬೆರಳಗಲವನ್ನು ಅಂಗುಲವೆಂದೂ ಕರೆಯುತ್ತವೆ; 24 ಅಂಗುಲಕ್ಕೆ ಒಂದು ಹಸ್ತ. ಇಲ್ಲಿಯೇ ದೊಡ್ಡದೊಂದು ಹಳ್ಳವಿದೆ. ಇಂದಿನ ಕನ್ನಡದಲ್ಲಿ ನಾವು ಅಂಗುಲವೆಂದರೆ ಇಂಚು ಎಂದೇ ತಿಳಿಯುತ್ತೇವೆ, ಆದರೆ ಹಳೆಯ ಅಂಗುಲ 18 ಇಂಚಿನ ಇಪ್ಪತ್ನಾಲ್ಕನೆಯ ಒಂದು ಭಾಗ, ಅಂದರೆ ಮುಕ್ಕಾಲು ಇಂಚು. ಶಿಲ್ಪದ ಅಥವಾ ಮಗ್ಗದ ಹಳೆಯ ಪಠ್ಯದಲ್ಲಿ 36 ಅಂಗುಲ ಎಂದಿದ್ದರೆ ಅದು ಮೂರು ಅಡಿಯಲ್ಲ, 27 ಇಂಚು. ಇದೇ ಕಾರಣಕ್ಕೆ ಈ ಬರಹದುದ್ದಕ್ಕೂ ನಾನು ಇಂಚು ಎಂಬ ಪದವನ್ನೇ ಬಳಸಿದ್ದೇನೆ. ಕೌಟಿಲ್ಯನ ಅರ್ಥಶಾಸ್ತ್ರವಂತೂ ಬಡಗಿಗಳ ಕೆಲಸಕ್ಕೆ 42 ಅಂಗುಲದ, ಕಾಡಿನ ಅಳತೆಗೆ 54 ಅಂಗುಲದ ಬೇರೆ ಹಸ್ತಗಳನ್ನು ಹೇಳುತ್ತದೆ; ಕೆಲಸಕ್ಕೆ ತಕ್ಕ ಕೋಲು ಎಂಬ ರೂಢಿ ಅಷ್ಟು ಹಳೆಯದು.

ಗಜವೆಂದರೆ ಇಂದು ಎರಡು ಮೊಳ, 36 ಇಂಚು, 91.44 ಸೆಂಟಿಮೀಟರ್, ಉತ್ತರ ಕರ್ನಾಟಕದಲ್ಲಿ ಇದನ್ನೇ ವಾರ ಎನ್ನುತ್ತಾರೆ. ಅದರ ಹದಿನಾರನೆಯ ಭಾಗ ಗಿರಹ, 2.25 ಇಂಚು. ಇಂಗ್ಲೆಂಡಿನ ಜವಳಿ ವ್ಯಾಪಾರದಲ್ಲಿಯೂ ಗಜದ ಹದಿನಾರನೆಯ ಭಾಗಕ್ಕೆ ಪ್ರತ್ಯೇಕ ಹೆಸರಿತ್ತು. ಅದನ್ನು ‘ನೇಲ್’ ಎನ್ನುತ್ತಿದ್ದರು, ಉದ್ದ ಅಷ್ಟೇ. ಬಟ್ಟೆಯನ್ನು ಮಡಿಸಿ ಮಡಿಸಿ ಅರ್ಧ, ಕಾಲು, ಅರೆಕಾಲು, ವೀಸವಾಗಿಸುವುದು ಸುಲಭವಾದ್ದರಿಂದ ಹದಿನಾರು ಎಂಬುದು ಎರಡೂ ಕಡೆ ಸಹಜವಾಗಿ ಒದಗಿಬಂದ ಸಂಖ್ಯೆ. ಆದರೆ ಹಳೆಯ ಲೆಕ್ಕಪುಸ್ತಕದ ಪ್ರತಿಯೊಂದು ಗಜವೂ 36 ಇಂಚಿನದಲ್ಲ. ಹತ್ತೊಂಬತ್ತನೆಯ ಶತಮಾನದ ಮುಂಬೈ ವ್ಯಾಪಾರದ ಗಜ 27 ಇಂಚು. ಅದಕ್ಕೆ 24 ತಸು, ತಸುವಿಗೆ 1.125 ಇಂಚು, 16 ತಸುವಿಗೆ ಒಂದು ಮೊಳ. ಬಂಗಾಳದಲ್ಲಿ 36 ಇಂಚಿನ ಗಜ ನಡೆಯುತ್ತಿತ್ತು. ಆದ್ದರಿಂದ ಪುಸ್ತಕದಲ್ಲಿ ಗಜದ ಜೊತೆಗೆ ತಸುವಿನ ಲೆಕ್ಕವಿದ್ದರೆ 27 ಇಂಚೆಂದೂ, ಗಿರಹದ ಲೆಕ್ಕವಿದ್ದು ಅದು ಹದಿನಾರನ್ನು ಮುಟ್ಟದೆ ಹದಿನೈದಕ್ಕೆ ನಿಲ್ಲುತ್ತಿದ್ದರೆ ಹದಿನಾರು ಗಿರಹದ ಗಜವೆಂದೂ ಊಹಿಸಲು ಆಧಾರ ಸಿಗುತ್ತದೆ. ಮುಂಬೈಯ 40 ಗಜ ಬಟ್ಟೆ ಇಂದಿನ 30 ಗಜಕ್ಕೆ ಸಮ, ಮುಕ್ಕಾಲರಿಂದ ಗುಣಿಸಿದರಾಯಿತು.

ಪಂಚೆ, ಸೀರೆಗಳ ಲೆಕ್ಕದಲ್ಲಿ ಗೊಂದಲ ಕಡಿಮೆ. ನಾಲ್ಕು ಮೊಳದ ಪಂಚೆ ಎರಡು ಗಜ, 1.83 ಮೀಟರ್, ಎಂಟು ಮೊಳದ ಪಂಚೆ 3.66 ಮೀಟರ್, ಆರು ಗಜದ ಸೀರೆ 12 ಮೊಳ, 5.49 ಮೀಟರ್, ಹದಿನೆಂಟು ಮೊಳದ ಸೀರೆ 9 ಗಜ, 8.23 ಮೀಟರ್. ಆದರೆ ಇವು ನಿಗದಿಯ ಉದ್ದಗಳು. ಅಜ್ಜಿಯ ಸೀರೆಯನ್ನು ನಾವು ಪಡಸಾಲೆಯ ನೆಲದ ಮೇಲೆ, ಸೆರಗು ಒಂದು ಗೋಡೆಗೆ ತಾಗುವಂತೆ ಹಾಸಿ, ಸುಕ್ಕುಗಳನ್ನು ಅಂಗೈಯಿಂದ ಸವರಿ, ಟೇಪು ಹಿಡಿದು ಅಳೆದೆವು. ಅದರ ಉದ್ದ 8 ಮೀಟರ್ 10 ಸೆಂಟಿಮೀಟರ್ ಬಂತು. ಹದಿನೆಂಟರಿಂದ ಭಾಗಿಸಿದರೆ ಮೊಳಕ್ಕೆ 45 ಸೆಂಟಿಮೀಟರ್, 17.7 ಇಂಚು. ಎಷ್ಟೋ ಸಲ ಒಗೆದು ಒಣಗಿಸಿದ ನೂಲು ಕುಗ್ಗಿದೆ, ಕುಚ್ಚಿನ ತುದಿಯೂ ಒಂದಿಷ್ಟು ಸವೆದಿದೆ. ಅಳತೆಯಲ್ಲಿ ಹದಿಮೂರು ಸೆಂಟಿಮೀಟರ್ ಕಡಿಮೆಯಿದೆಯೆಂದು ಅದು ಹದಿನೆಂಟು ಮೊಳದ ಸೀರೆ ಅಲ್ಲವೆನ್ನಲಾಗುವುದಿಲ್ಲ. ಸಂಗ್ರಹಾಲಯದ ಪಟ್ಟಿಗಾಗಲಿ ಮನೆಯ ಪಟ್ಟಿಗಾಗಲಿ ಇಂತಹ ವಸ್ತುವನ್ನು ಸೇರಿಸುವಾಗ ರೂಢಿಯ ಹೆಸರನ್ನೂ ಅಳೆದ ಉದ್ದವನ್ನೂ ಬೇರೆಬೇರೆಯಾಗಿ ಬರೆಯಬೇಕು; ಒಂದರಿಂದ ಇನ್ನೊಂದನ್ನು ತಿದ್ದಬಾರದು.

ಹೂವಿನ ಮೊಳ ಇಂದಿಗೂ ಮೊಣಕೈಯಿಂದ ನಡುಬೆರಳಿನ ತುದಿಯವರೆಗಿನದೇ. ಹೂವಾಡಗಿತ್ತಿ ತನ್ನ ಕೈಗೆ ಮಾಲೆ ಹಿಡಿದು ಮೊಳ ಹಾಕುವಾಗ ಅದು ಆಕೆಯ ಮೊಳ, 18 ಇಂಚಿನ ಮೊಳವಲ್ಲ. ನಿಮ್ಮ ಮೊಳ ಎಷ್ಟೆಂದು ಒಮ್ಮೆ ಟೇಪಿನಿಂದ ಅಳೆದು ಗುರುತಿಟ್ಟುಕೊಂಡರೆ ಹಳೆಯ ಮನೆಯ ಬಾಗಿಲು, ಕಲ್ಲುಕಂಬ, ಬಾವಿಯ ಹಗ್ಗಗಳನ್ನು ಸ್ಥಳದಲ್ಲಿಯೇ ಅಂದಾಜಿಸಲು ಅನುಕೂಲವಾಗುತ್ತದೆ.

ನೂಲಿನ ಲೆಕ್ಕ ಬಂದಲ್ಲಿ ಒಂದು ಮಾತು ಸಾಕು: ಗಿರಣಿಯ ಹತ್ತಿನೂಲಿನ ಒಂದು ಲಡಿಗೆ 840 ಗಜ, ಅಂದರೆ 768.1 ಮೀಟರ್, ಒಂದು ಪೌಂಡು ತೂಕಕ್ಕೆ ಎಷ್ಟು ಲಡಿಯೋ ಅಷ್ಟು ನಂಬರಿನ ನೂಲು.

ಹೊಲದಿಂದ ಬಟ್ಟೆಗೆ, ಬಟ್ಟೆಯಿಂದ ಹೊಲಕ್ಕೆ

ಈಗ ಟ್ರಂಕಿನ ಎರಡೂ ವಸ್ತುಗಳನ್ನು ಒಂದೇ ಕಾಗದದ ಮೇಲೆ ತರಬಹುದು. 33 ಅಡಿಯ ಸರಪಳಿ 11 ಗಜ. ಸರಪಳಿಗೆ 16 ಆಣೆ, ಗಜಕ್ಕೆ 16 ಗಿರಹ. ಎರಡೂ ಹದಿನಾರರಿಂದಲೇ ಒಡೆದಿರುವುದರಿಂದ ಒಂದು ಆಣೆ ಸರಿಯಾಗಿ 11 ಗಿರಹ, 24.75ನ್ನು 2.25ರಿಂದ ಭಾಗಿಸಿ ನೋಡಿ, ಶೇಷವೇ ಉಳಿಯುವುದಿಲ್ಲ. ಮೊಳದ ಲೆಕ್ಕದಲ್ಲಿ ಸರಪಳಿಗೆ 22 ಮೊಳ, ಮುಂಬೈಯ ತಸುವಿನ ಲೆಕ್ಕದಲ್ಲಿ ಆಣೆಗೆ 22 ತಸು, ಮಾರಿನ ಲೆಕ್ಕದಲ್ಲಿ ಸರಪಳಿಗೆ ಐದೂವರೆ ಮಾರು. ಹನ್ನೊಂದು ಎಂಬ ಒಂದೇ ಅಂಕಿಯನ್ನು ನೆನಪಿಟ್ಟರೆ ಹೊಲದ ಅಳತೆಯಿಂದ ಬಟ್ಟೆಯ ಅಳತೆಗೆ ಬಾಯಿಲೆಕ್ಕದಲ್ಲಿಯೇ ಹೋಗಬಹುದು: ಸರಪಳಿ-ಆಣೆಯನ್ನು 11ರಿಂದ ಗುಣಿಸಿದರೆ ಗಜ-ಗಿರಹ, ಗಜ-ಗಿರಹವನ್ನು 11ರಿಂದ ಭಾಗಿಸಿದರೆ ಸರಪಳಿ-ಆಣೆ. ಟಿಪ್ಪಣಿಯ 12-8ನ್ನು 11ರಿಂದ ಗುಣಿಸಿದರೆ 132 ಗಜ 88 ಗಿರಹ; 88 ಗಿರಹವೆಂದರೆ ಐದೂವರೆ ಗಜ; ಒಟ್ಟು 137 ಗಜ 8 ಗಿರಹ. ಒಂಬತ್ತು ಗಜದ ಸೀರೆಗಳನ್ನು ಆ ಬದುವಿನುದ್ದಕ್ಕೆ ಹಾಸಿದರೆ ಹದಿನೈದು ಸೀರೆ ಹಿಡಿದು, ಕೊನೆಯಲ್ಲಿ ಎರಡೂವರೆ ಗಜ ಉಳಿಯುತ್ತದೆ. ಈ ಲೆಕ್ಕವನ್ನು ಮೊದಲ ಬಾರಿ ಮಾಡಿದ ದಿನ ನನಗಾದ ಸಂತೋಷ ಇಂದಿಗೂ ಆರಿಲ್ಲ.

ಉತ್ತರ ಭಾರತದ ದಾಖಲೆಗಳನ್ನು ಓದುವವರಿಗೆ ಇನ್ನೊಂದು ಕೊಂಡಿ ಸಿಗುತ್ತದೆ. ಅಕ್ಬರನ ಕಾಲದ ಇಲಾಹಿ ಗಜ 41 ಬೆರಳಗಲದ್ದು. ಬ್ರಿಟಿಷರು ಅದನ್ನು 1825ರ ಸುಮಾರಿಗೆ ಭೂಮಾಪನಕ್ಕಾಗಿ 33 ಇಂಚೆಂದು ನಿಗದಿ ಮಾಡಿದರು. ಹಾಗಾಗಿ ನಮ್ಮ 33 ಅಡಿಯ ಸರಪಳಿಗೆ ಅಂತಹ 12 ಗಜ. ಅರವತ್ತು ಇಲಾಹಿ ಗಜದ ಬಾಹುವುಳ್ಳ ಚೌಕವಾದ ಬಿಘಾ 3,025 ಚದರ ಗಜ, ಅಂದರೆ 25 ಗುಂಟೆಗೆ ಸರಿಸಮ. ಬಿಘಾ ಎಂಬ ಹೆಸರು ಸೀಮೆಯಿಂದ ಸೀಮೆಗೆ ಬೇರೆ ವಿಸ್ತೀರ್ಣವನ್ನು ಸೂಚಿಸುವುದರಿಂದ ಇಲಾಹಿ ಗಜದ ಬಿಘಾ ಎಂದು ಖಚಿತವಾದಲ್ಲಿ ಮಾತ್ರ ಈ ಸಮೀಕರಣವನ್ನು ಬಳಸಬೇಕು.

ಕನ್ನಡದ ಶಾಸನಗಳಲ್ಲಿ ಬರುವ ಮತ್ತರು, ಕಮ್ಮಗಳನ್ನು ಮಾತ್ರ ಈ ಕ್ರಮಕ್ಕೆ ಒಳಪಡಿಸಬಾರದು. ಅವುಗಳ ಹಿಂದೆ ಇದ್ದದ್ದು ಗಳೆ, ಅಂದರೆ ಅಳತೆಯ ಕೋಲು; ಆ ಕೋಲು ಊರೂರಿಗೆ ಬೇರೆಯಾಗಿತ್ತು. ಬಳ್ಳಿಗಾವೆಯಲ್ಲಿ 1047ರಲ್ಲಿ ನಿಲ್ಲಿಸಿದ ಗಂಡಭೇರುಂಡ ಕಂಬ ಇಂದಿಗೂ ಇದೆ. ಆ ಸೀಮೆಯ ಶಾಸನಗಳು ದತ್ತಿಭೂಮಿಯನ್ನು ಭೇರುಂಡ ಗಳೆಯಲ್ಲಿ ಅಳೆದುದಾಗಿ ಹೇಳುತ್ತವೆ. ಯಾವ ಗಳೆ ಎಂದು ಶಾಸನವೇ ಹೆಸರಿಸುವುದಕ್ಕೆ ಕಾರಣ ಗಳೆ ಬದಲಾದರೆ ಮತ್ತರೂ ಬದಲಾಗುತ್ತಿದ್ದುದು. ಅಲ್ಲಿ ‘ಭೇರುಂಡ ಗಳೆಯ ಇಷ್ಟು ಮತ್ತರು’ ಎಂದು ಇದ್ದಂತೆಯೇ ಬರೆಯುವುದೇ ಸರಿಯಾದ ಕ್ರಮ. ಖಂಡುಗ, ಕೂರಿಗೆಗಳ ವಿಷಯವೂ ಹಾಗೆಯೇ: ಅವು ಬಿತ್ತನೆಯ ಬೀಜದಿಂದಲೂ ಬಿತ್ತುವ ಸಾಧನದಿಂದಲೂ ಭೂಮಿಯನ್ನು ಅಳೆದ ಮಾನಗಳು, ಉದ್ದದ ಮಾನಗಳೇ ಅಲ್ಲ, ಗದ್ದೆಗೂ ಬೆದ್ದಲಿಗೂ ಅವು ಬೇರೆಯಾಗುತ್ತವೆ.

ಕೊನೆಗೆ ಅಂಕಿಗಳನ್ನು ಎಲ್ಲಿ ನಿಲ್ಲಿಸಬೇಕೆಂಬ ವಿಷಯ. ಲೆಕ್ಕ ಮಾಡುವಾಗ ಎಲ್ಲ ದಶಾಂಶಗಳನ್ನೂ ಉಳಿಸಿಕೊಂಡು ಹೋಗಬೇಕು, ಕೊನೆಯ ಸಾಲಿನಲ್ಲಿ ಮಾತ್ರ ಕಡಿತಗೊಳಿಸಬೇಕು. ಆಣೆಯವರೆಗೆ ಮಾತ್ರ ಅಳೆದ ಟಿಪ್ಪಣಿಯಲ್ಲಿ ಪ್ರತಿಯೊಂದು ಗೆರೆಗೂ ಸುಮಾರು ಒಂದು ಅಡಿಯಷ್ಟು ಆಚೀಚೆ ಇರುವುದು ಸಹಜವಾದ್ದರಿಂದ, ಅದನ್ನು ಮೀಟರಿಗೆ ತಂದಾಗ ಒಂದು ದಶಾಂಶಕ್ಕಿಂತ ಹೆಚ್ಚು ಬರೆಯುವುದು ಇಲ್ಲದ ನಿಖರತೆಯನ್ನು ಇದೆಯೆಂದು ತೋರಿಸಿದಂತಾಗುತ್ತದೆ, 125.73 ಮೀಟರನ್ನು 125.7 ಎಂದೇ ಬರೆಯಿರಿ. ಪಕ್ಕದಲ್ಲಿ ಮೂಲದ 12-8ನ್ನು ಇದ್ದ ಹಾಗೆಯೇ ಇಟ್ಟು, ‘33 ಅಡಿಯ ಸರಪಳಿಯಂತೆ’ ಎಂಬ ಮೂರು ಪದಗಳನ್ನು ಕಂಸದಲ್ಲಿ ಸೇರಿಸಿ. ನಾಳೆ ಅದೇ ಕಾಗದವನ್ನು ತೆರೆಯುವವರು ಯಾವ ಕೋಲೆಂದು ಮತ್ತೆ ಹುಡುಕಬೇಕಾಗುವುದಿಲ್ಲ.